ಬರಿಗೈಯ ಅಮೆರಿಕ

ಪುಸ್ತಕ ಓದಿ ಕೆಟ್ಟವರಿಗೆ ಮದ್ದಿಲ್ಲ. ಹೆಂಡ ಕುಡಿದು ಕೆಟ್ಟವನನ್ನು ನಾಲ್ಕು ಜನ ಹೊತ್ತಾದರೂ ಮನೆಗೆ ತರುತ್ತಾರೆ. ಓದಿ ಕೆಟ್ಟವನು ತನ್ನ ಕಾಲಮೇಲೆ ತಾನೇ ನಡೆದು ಮನೆ ಬಿಡುತ್ತಾನೆ. ನನ್ನನ್ನು ಕೆಡಿಸಿದ್ದು ಸೊಲ್ಲಾಪುರದಿಂದ ನೆಂಟರೊಬ್ಬರು ತಂದುಕೊಟ್ಟ ಮರಾಠಿ ಕಾದಂಬರಿಗಳು. ಎಲ್ಲವೂ ಅಮೆರಿಕದ ಕಥೆಗಳೇ. ಪ್ರತಿಯೊಂದರಲ್ಲೂ ಒಬ್ಬ ಹುಡುಗ ಬರಿಗೈಲಿ ಮನೆ ಬಿಡುತ್ತಾನೆ, ಬೀದಿಯಲ್ಲಿ ಬೂಟು ಒರೆಸುತ್ತಾನೆ, ಕೊನೆಯ ಪುಟದ ಹೊತ್ತಿಗೆ ಸಾಹುಕಾರನಾಗಿರುತ್ತಾನೆ. ಅಪ್ಪನ ಗಾದಿಯ ಮೇಲೆ ಕೂತು ದೊಡ್ಡವನಾದವನು ಒಬ್ಬನೂ ಇಲ್ಲ. ಅಮೆರಿಕದವನೊಬ್ಬನನ್ನೂ ಕಣ್ಣಾರೆ ಕಾಣದ ನಾನು, ಆ ದೇಶದಲ್ಲಿ ಅಪ್ಪ, ಚಿಕ್ಕಪ್ಪ, ಸೋದರಮಾವಂದಿರೇ ಇಲ್ಲವೆಂದು ಗಟ್ಟಿಯಾಗಿ ನಂಬಿಬಿಟ್ಟೆ. ನಿಲಂಗಾದ ನಮ್ಮ ಕಿರಾಣಿ ಅಂಗಡಿಯ ಗಾದಿಗೆ ಒರಗಿಕೊಂಡೇ ಇದನ್ನೆಲ್ಲ ಓದಿದ ನನಗೆ, ಹುಟ್ಟುವಾಗಲೇ ಸೋತೆನಲ್ಲ ಎಂದು ದುಃಖವಾಯಿತು.

ಒಂದು ದಿನ ಅಪ್ಪನೆದುರು ನಿಂತು ಹೇಳಿಯೇಬಿಟ್ಟೆ: “ನನಗ ಹೊಲಾ ಬ್ಯಾಡ, ದುಕಾನಾ ಬ್ಯಾಡ್ರಿ. ಬರಿಗೈಲೆ ಹೋಗ್ತೀನಿ.”

ಪಾಲು ಕೇಳಿದ್ದರೆ ಅಪ್ಪ ಬೈಯುತ್ತಿದ್ದರು. ಬೈಗುಳವೇ ಎಷ್ಟೋ ವಾಸಿಯಿತ್ತು. ಅವರು ಎದ್ದು ನನಗೆ ಕೈಮುಗಿದರು! ನಮ್ಮ ಶಿವಭಕ್ತರ ಮನೆಗಳಲ್ಲಿ ಎಲ್ಲ ಬಿಟ್ಟು ಬರಿಗೈಲಿ ಹೊರಡುವವನು ವಿರಕ್ತ ಸ್ವಾಮಿಯೊಬ್ಬನೇ. ಅಪ್ಪ ಚಿಕ್ಕಂದಿನಿಂದ ಕೇಳಿದ ಪುರಾಣಗಳಲ್ಲಿ ಬೇರೆ ಯಾರೂ ಹಾಗೆ ಹೊರಟಿಲ್ಲ. ಅವ್ವ ಅಳುತ್ತಲೇ “ನಮ್ಮ ಮನಿತನ ಉದ್ಧಾರ ಆಯ್ತು” ಅಂದಳು. ಹೆಂಡತಿ ನೀಲವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದಳು: “ಮತ್ತ ನಾ?”

“ಇದು ಸನ್ಯಾಸ ಅಲ್ಲ, ಅಮೆರಿಕಾದ ಪದ್ಧತಿ. ದೊಡ್ಡಾವ ಆಗಿ ಬಂದು ನಿನಗ ಕರ್ಕೊಂಡು ಹೋಗ್ತೀನಿ” ಅಂದೆ.

ಪಕ್ಕದ ಮನೆಯ ಮುದುಕ ಭಕ್ತಿಯಿಂದ ವಿಚಾರಿಸಿದ: “ಅಮೆರಿಕಾ ಮಠಾ ಎಲ್ಲಿ ಬರ್ತದ್ರಿ? ಉದಗೀರ ಆಚೀಕೇನ್ರಿ?”

ಹತ್ತಿರದ ಊರು ಕಾಸಾರಶಿರಸಿಗೆ ಹೋಗಿ, ಅಲ್ಲಿಯ ವ್ಯಾಪಾರಿಯೊಬ್ಬರ ಮೆಣಸಿನಕಾಯಿಯನ್ನು ಬೀದಿಯಲ್ಲಿ ಗೋಣಿತಟ್ಟಿನ ಮೇಲೆ ಹರಡಿಕೊಂಡು ಕೂತೆ. ನಾನು ಸ್ವಾಮಿಯಾದ ಸುದ್ದಿ ನನಗಿಂತ ಮೊದಲೇ ಬಂದು ಮುಟ್ಟಿತ್ತು. ಗಿರಾಕಿಗಳು ಬರುತ್ತಿದ್ದರು, ಚಪ್ಪಲಿ ಬಿಟ್ಟು ಅಡ್ಡ ಬೀಳುತ್ತಿದ್ದರು, ಮೆಣಸಿನಕಾಯಿ ಮಾತ್ರ ಎದುರಿನ ಅಂಗಡಿಯಲ್ಲಿ ಕೊಳ್ಳುತ್ತಿದ್ದರು. ಇಲ್ಲಿಯ ಜನ ಸ್ವಾಮಿಗಳನ್ನು ಅಪ್ಪೋರು ಅನ್ನುತ್ತಾರೆ. “ಅಪ್ಪೋರ ಕೂಡ ಚೌಕಾಶಿ ಮಾಡಿದ್ರ ಪಾಪ ಹತ್ತೂದಿಲ್ಲೇನ್ರಿ?” ಎಂದು ನನ್ನನ್ನೇ ಕೇಳುತ್ತಿದ್ದರು. ಕಾದಂಬರಿಯ ಹುಡುಗ ಉಪವಾಸ ಬಿದ್ದು ಮೇಲೆ ಬರುತ್ತಾನೆ. ನನ್ನನ್ನು ಯಾರೂ ಉಪವಾಸ ಬೀಳಲು ಬಿಡಲಿಲ್ಲ. ಊರವರು ತಂದಿಟ್ಟ ರೊಟ್ಟಿ ತಿಂದು ಹೊಟ್ಟೆ ಬೆಳೆಯಿತು. ರೊಟ್ಟಿ ಮುರಿಯುವಾಗಲೆಲ್ಲ ನೀಲವ್ವನ ನೆನಪಾಗುತ್ತಿತ್ತು.

ಕೊನೆಗೊಂದು ಸಂತೆಯ ದಿನ ಆಕೆಯೇ ಬಂದಳು, ತನ್ನ ತಂದೆಯ ಜೊತೆ. ಬೈಯಲಿ, ಕೈಹಿಡಿದು ಎಳೆದುಕೊಂಡು ಹೋಗಲಿ ಎಂದು ಹಂಬಲಿಸಿದೆ. ಬಾ ಎಂದು ಒಂದು ಸಲ ಕರೆದಿದ್ದರೆ ಅಮೆರಿಕವನ್ನು ಅಲ್ಲೇ ಗೋಣಿತಟ್ಟಿನಲ್ಲಿ ಸುತ್ತಿಟ್ಟು ಎದ್ದುಬಿಡುತ್ತಿದ್ದೆ. ಆಕೆ ದೂರದಲ್ಲೇ ಚಪ್ಪಲಿ ಬಿಟ್ಟಳು. ನೆಲಕ್ಕೆ ಹಣೆ ಹಚ್ಚಿ, ಮುಖ ಎತ್ತದೆ ಅಂದಳು: “ಲೋಹಾರಾ ಊರಿಗಿ, ತವರಮನಿಗಿ ಹೊಂಟೀನ್ರಿ, ಅಪ್ಪೋರ. ಇನ್ನ ಅಲ್ಲೇ ಇರ್ತೀನಿ. ಆಶೀರ್ವಾದ ಮಾಡ್ರಿ.”

ನಾನು ಓದಿದ ಯಾವ ಕಾದಂಬರಿಯಲ್ಲೂ ಇಂಥ ಪ್ರಸಂಗ ಬಂದಿರಲಿಲ್ಲ. ಸಂತೆಯ ಜನ ಸುತ್ತ ಕೈಮುಗಿದು ನಿಂತಿದ್ದರು. ಕೈ ಎತ್ತಿ ಆಶೀರ್ವಾದ ಮಾಡಿಬಿಟ್ಟೆ.