ದೊಡ್ಡಪ್ಪ ಬಗ್ಗಿಸಿದ ರಸ್ತೆ

ನಮ್ಮ ದೊಡ್ಡಪ್ಪ ಗಾಳಿಯಂತ್ರದ ರೆಕ್ಕೆಯೊಂದನ್ನು ಮೂರು ದಿನ ನಡುದಾರಿಯಲ್ಲಿ ನಿಲ್ಲಿಸಿಟ್ಟಿದ್ದ ಎಂದರೆ ನಂಬುತ್ತೀರಾ? ಕಾನಹೊಸಹಳ್ಳಿಯ ಹೆದ್ದಾರಿಯಿಂದ ನಮ್ಮ ಗುಡ್ಡಕ್ಕೆ ನೆಟ್ಟಗೆ ಬರುವ ಹೊಸ ರಸ್ತೆ ಅವನ ಹೊಲದಲ್ಲಿ ಮಾತ್ರ ಕುಡುಗೋಲಿನಂತೆ ಬಾಗುತ್ತದೆ. ಬಗ್ಗಿಸಿದವನು ಅವನೇ!

ಮೊದಲು ಅವನಿಗೆ ಗುಡ್ಡದ ಮೇಲೆ ನಿಲ್ಲಿಸುವ ಆ ಫ್ಯಾನುಗಳ ಮೇಲೆ ಸಿಟ್ಟೇನೂ ಇರಲಿಲ್ಲ. ಗಾಳಿ ಬಂದ ಕಡೆಗೆ ಅವು ತಾವೇ ಮುಖ ತಿರುಗಿಸುತ್ತವೆ ಎಂದು ಕಂಪನಿಯ ಇಂಜಿನಿಯರ್ ವಿವರಿಸಿದಾಗ, "ಹಂಗಾರ ನಮ್ಮ ಪಂಚಾಯ್ತಿ ಮೆಂಬರ್ ಇದ್ದಂಗ ಬಿಡ್ರಿ" ಎಂದು ಒಪ್ಪಿಗೆಯ ಕಾಗದ ಓದದೆಯೇ ಸಹಿ ಹಾಕಿದ್ದ. ತಕರಾರು ಎದ್ದದ್ದು ರಸ್ತೆಗೆ ಸುಣ್ಣದ ಗೆರೆ ಎಳೆದಾಗ. ಗೆರೆ ಬಿದ್ದಲ್ಲೇ ತನ್ನ ಕೂಸನ್ನು ಮಣ್ಣು ಮಾಡಿದ್ದು ಎಂದ. ಯಾರೂ ಕಿವಿಗೊಡಲಿಲ್ಲ. ರಸ್ತೆ ಅವನ ಬದುವಿನವರೆಗೆ ಬಂತು, ಹಿಂದೆಯೇ ರೆಕ್ಕೆ ಹೊತ್ತ ಲಾರಿಯೂ ಬಂತು. ದೊಡ್ಡಪ್ಪ ಹೊರಸು ತಂದು ಅಡ್ಡ ಹಾಕಿ ಮಲಗಿಬಿಟ್ಟ!

ಹೊಗೆಯಿಲ್ಲದ ಕರೆಂಟು ದೇಶಕ್ಕೆ ಎಷ್ಟು ಅಗತ್ಯವೆಂದು ಇಂಜಿನಿಯರ್ ಬಿಸಿಲಿನಲ್ಲಿ ನಿಂತು ಉಪನ್ಯಾಸ ಕೊಟ್ಟರು.

"ಬರ್ಲಿ ಸಾಹೇಬ್ರ, ಬ್ಯಾಡ ಅಂದವ್ರು ಯಾರು? ಸ್ವಲ್ಪ ಸುತ್ತಿ ಬರ್ಲಿ."

ಪಕ್ಕದವರು ಬದುವಿನಲ್ಲಿ ಒಂದು ಸಾಲು ಒತ್ತಿದರೆ ವಾರಗಟ್ಟಲೆ ಬೈಯುವ ಮನುಷ್ಯ, ಅಷ್ಟುದ್ದದ ಲಾರಿ ತಿರುಗಲೆಂದು ಅರ್ಧ ಶೇಂಗಾ ಹೊಲವನ್ನು ಪುಕ್ಕಟೆ ಬಿಟ್ಟುಕೊಟ್ಟ. ಊರವರು ಹುಚ್ಚು ಎಂದರು. ನಾನೂ ಅಂದಿರಬೇಕು.

ಕೂಸು ದೊಡ್ಡವ್ವನದು, ಎಂಟು ದಿನ ಬದುಕಿದ್ದು. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ. ಮಣ್ಣು ಮಾಡುವಲ್ಲಿಗೆ ಹೆಂಗಸರು ಹೋಗುವಂತಿರಲಿಲ್ಲ. ನಲವತ್ತು ವರ್ಷ ಅವಳು ಆ ಜಾಗ ನೋಡಿರಲಿಲ್ಲ, ಎಲ್ಲೆಂದು ಕೇಳಿಯೂ ಇರಲಿಲ್ಲ. ರಸ್ತೆ ಬಾಗಿದ ಮೇಲೆ ದೊಡ್ಡಪ್ಪ ಅಲ್ಲೊಂದು ಕಲ್ಲು ನೆಟ್ಟು ಅವಳನ್ನು ಕರೆದೊಯ್ದ. ಈಗ ಪ್ರತಿ ಸೋಮವಾರ ಹಾಲು ಒಯ್ಯುತ್ತಾಳೆ.

ಕೂಸನ್ನು ಮಣ್ಣು ಮಾಡಿದ ದಿನ ಆರು ವರ್ಷದವಳಾದ ನಾನು ಗಂಡಸರ ಹಿಂದೆ ಓಡಿದ್ದೆ. ನನ್ನ ನೆನಪಿನಲ್ಲಿ ಆ ಗುಂಡಿ ಇರುವುದು ಹೊಲದ ಇನ್ನೊಂದು ತುದಿಯ ಬಾವಿಯ ಹತ್ತಿರ. ಅದು ನಾನು ಕಂಡದ್ದೋ, ಯಾರೋ ಹೇಳಿದ್ದು ನನ್ನದಾಯಿತೋ? ಇಷ್ಟು ಓದಿಕೊಂಡರೂ ನನಗೆ ಇದು ಬಗೆಹರಿದಿಲ್ಲ. ಕಳೆದ ತಿಂಗಳು ಧೈರ್ಯ ಮಾಡಿ ದೊಡ್ಡಪ್ಪನನ್ನೇ ಕೇಳಿಬಿಟ್ಟೆ. ಅವನು ಒಳಗಿದ್ದ ದೊಡ್ಡವ್ವನತ್ತ ಕಣ್ಣು ಹಾಯಿಸಿ ದನಿ ತಗ್ಗಿಸಿದ.

"ನನಗೂ ನೆನಪಿಲ್ಲವ್ವ. ಹಂಗಂತ ಹೇಳಿದ್ರ ಎಲ್ಲಿ ಬೇಕಲ್ಲಿ ರೋಡ್ ಹಾಕ್ತಿದ್ರು. ಆಕಿಗೆ ಹೇಳಬ್ಯಾಡ."

ಅದರ ಮುಂದಿನ ಸೋಮವಾರ ದೊಡ್ಡವ್ವನ ಜೊತೆ ನಾನೂ ಹೋದೆ. ಅವಳು ಹಾಲೆರೆದು ಕೂತಳು. ನಾನು ಕಲ್ಲಿನ ಆಚೆ ಬದಿಗೆ ಕೂರಲು ಹೋದಾಗ ಮೆಲ್ಲಗೆ ಕೈ ಹಿಡಿದೆಳೆದಳು.

"ಅಲ್ಲಿ ಬ್ಯಾಡವ್ವ. ಕೂಸಿನ ಕಾಲು ಬರ್ತಾವ."

ನಾನು ಈಚೆ ಸರಿದು ಕೂತೆ.