ಲಗ್ನಪತ್ರಿಕೆಯ ಬಿ.ಎ.

ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕರೆಂಟ್ ಹೋಯಿತು. ಅನಾಹುತವೆಲ್ಲ ಶುರುವಾದದ್ದು ಆಗಲೇ.

ಲೋಕದ ಜನಕ್ಕೆಲ್ಲ ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಟೀವಿ ನಿಲ್ಲುತ್ತದೆ. ನನ್ನ ಸೋದರಮಾವನಿಗೆ ಮಾತ್ರ ಕರೆಂಟ್ ಹೋದರೆ ತಲೆ ಓಡಲು ಶುರುವಾಗುತ್ತದೆ! ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಅವನಿಗೆ ನಾಲ್ಕು ಪವರ್‌ಲೂಮ್ ಮಗ್ಗಗಳಿವೆ. ಹಗಲು ಅವನೇ ನೇಯುತ್ತಾನೆ, ರಾತ್ರಿ ಪಾಳಿಗೆ ಪಕ್ಕದ ಬೀದಿಯವನೊಬ್ಬ ಬರುತ್ತಾನೆ. ಆ ನಾಲ್ಕು ಮಗ್ಗಗಳು ಲಟಕ್ ಪಟಕ್ ಎನ್ನುತ್ತಿರುವಾಗ ಮಾವನ ತಲೆಯೊಳಗೆ ಯೋಚನೆಗೆ ಜಾಗವೇ ಇರುವುದಿಲ್ಲ. ಸದ್ದು ನಿಂತರೆ ಸಾಕು, ವರ್ಷಗಟ್ಟಲೆ ಬಾಗಿಲ ಹೊರಗೆ ಸಾಲು ನಿಂತ ಯೋಚನೆಗಳೆಲ್ಲ ಒಟ್ಟಿಗೆ ಒಳನುಗ್ಗುತ್ತವೆ.

ನಿದ್ದೆಯ ವಿಷಯವೂ ಹಾಗೆಯೇ. ಮಗ್ಗದ ಸದ್ದಿಲ್ಲದೆ ಆತನಿಗೆ ನಿದ್ದೆ ಬಾರದು. ಒಮ್ಮೆ ಹಬ್ಬಕ್ಕೆಂದು ದೊಡ್ಡಬೆಳವಂಗಲದ ನಮ್ಮ ಮನೆಗೆ ಬಂದಿದ್ದ. ಹೋಳಿಗೆ ಉಂಡು, ಹೊಸ ಹೊದಿಕೆ ಹೊದ್ದು ಮಲಗಿದವನು ಬೆಳಗ್ಗೆ ಹಾಸಿಗೆಯಲ್ಲಿರಲಿಲ್ಲ. ಹುಡುಕಿದರೆ ತೋಟದ ಬೋರ್‌ವೆಲ್ ಮೋಟಾರಿನ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಗೊರಕೆ ಹೊಡೆಯುತ್ತಿದ್ದ! "ನಿಮ್ಮೂರಲ್ಲಿ ಹೆಂಗಮ್ಮ ಮಲಗ್ತೀರಾ? ಆ ಮೌನ ಕಿವೀಗೆ ಸೂಜಿ ಚುಚ್ಚಿದಂಗೆ ಚುಚ್ಚುತ್ತೆ," ಎಂದು ನನ್ನ ಅಮ್ಮನಿಗೇ ಕನಿಕರ ತೋರಿಸಿದ.

ನಾನು ಬಿ.ಕಾಂ. ಮುಗಿಸಿ ಇಲ್ಲೇ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೇನೆ. ದಿನಾ ಬಸ್ಸಿಗೆ ಕಾಯುವುದು ತಪ್ಪಲೆಂದು ಮಾವನ ಮನೆಯಲ್ಲೇ ವಾಸ. ಮೊದಲ ತಿಂಗಳು ಆ ಸದ್ದಿಗೆ ಹುಚ್ಚು ಹಿಡಿಯುವಂತಾಗಿತ್ತು. ಈಗ ನನಗೂ ಅದೇ ಜೋಗುಳ. ನಡುರಾತ್ರಿ ಕರೆಂಟ್ ಹೋದರೆ ನಮ್ಮ ಬೀದಿಗೆ ಬೀದಿಯೇ ಎದ್ದು ಕೂರುತ್ತದೆ, ಜನ ಜಗುಲಿಗೆ ಬಂದು, "ಏನಾಯ್ತು, ಏನಾಯ್ತು?" ಎನ್ನುತ್ತಾರೆ. ಏನೂ ಆಗಿರುವುದಿಲ್ಲ. ಸುಮ್ಮನೆ ಮೌನವಾಗಿರುತ್ತದೆ, ಅಷ್ಟೆ.

ಯುಗಾದಿ ಕಳೆದ ಮೇಲಿನ ಆ ಬೆಳಗ್ಗೆ ನನಗೆ ರಜೆ. ಮಗ್ಗ ನಿಂತಿದ್ದೇ ತಡ, ಮಾವ ನನ್ನ ಪಕ್ಕ ಬಂದು ಕೂತ. ಮುಖದಲ್ಲಿ ಎಲ್ಲೋ ದೂರದ ಮೋಡ ನೋಡುವ ಕಳೆ.

"ಅಳಿಯಾ, ಬಿ.ಎ. ಮಾಡೋದಕ್ಕೆ ಎಷ್ಟು ದಿನ ಬೇಕಪ್ಪಾ?"

"ಮೂರು ವರ್ಷ ಮಾವಾ. ಯಾರಿಗೆ?"

"ನಂಗೇ ಕಣೋ. ಮಾಘದೊಳಗೆ ಮುಗೀಬೇಕು."

ಮಾಘ ಯಾಕೆಂದರೆ, ಮಗಳ ಮದುವೆ. ವಿಜಯಪುರದಲ್ಲಿ ರೇಷ್ಮೆ ಹುರಿ ಮಾಡುವ ಮನೆತನಕ್ಕೆ ಅವಳನ್ನು ಕೊಡುವುದು ಆಗಷ್ಟೇ ನಿಶ್ಚಯವಾಗಿತ್ತು. ಲಗ್ನಪತ್ರಿಕೆ ಅಚ್ಚಾಗಬೇಕು. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಮುಂದೆ ಪದವಿಯ ಅಕ್ಷರ, ವಧುವಿನ ಮುಂದೆ ಅಕ್ಷರ, ಅವರಪ್ಪಂದಿರ ಮುಂದೆ ಅಕ್ಷರ, 'ಸುಖಾಗಮನ ಬಯಸುವ' ಷಡ್ಡಕನ ಮುಂದೂ ಅಕ್ಷರ ಇರಲೇಬೇಕು ಎಂಬುದು ನಿಮಗೂ ಗೊತ್ತಲ್ಲ? ಇಪ್ಪತ್ತೈದು ವರ್ಷದ ಹಿಂದೆ ಮಾವನ ಸ್ವಂತ ಮದುವೆಯ ಪತ್ರಿಕೆಯಲ್ಲಿ ಅವನ ಹೆಸರಿನ ಮುಂದೆ 'ಬಿ.ಎ.' ಎಂದು ಅಚ್ಚಾಗಿತ್ತು. ಹುಡುಗಿ, ಅಂದರೆ ನನ್ನ ಅತ್ತೆ, ಬಿ.ಎ. ಪಾಸಾದವಳು; ಹುಡುಗನ ಮುಂದೆ ಏನೂ ಇಲ್ಲದಿದ್ದರೆ ಹೇಗೆ? ಮಾವ ಕಾಲೇಜಿಗೆ ಹೋದದ್ದು ನಿಜ. ಮೊದಲ ವರ್ಷದ ಅರ್ಧದಲ್ಲಿ ಮಗ್ಗ ಕರೆಯಿತು, ಬಂದುಬಿಟ್ಟ. "ಹೆಂಗೂ ಮುಗಿಸ್ತಾನೆ ಬಿಡ್ರಿ, ಈಗ್ಲೇ ಹಾಕ್ಸಣ," ಎಂದು ನನ್ನ ತಾತ ಪದವಿಯನ್ನು ಮುಂಗಡವಾಗಿ ಅಚ್ಚು ಹಾಕಿಸಿಬಿಟ್ಟಿದ್ದ!

ಆ ಎರಡಕ್ಷರ ಮಾವನನ್ನು ಬಿಡಲಿಲ್ಲ. ಬಂಧುಗಳು ಓದಿನ ಮಾತೆತ್ತಿದರೆ, "ನೂಲು ಕಡೀತು ಅನ್ಸುತ್ತೆ, ನೋಡ್ಕೊಂಡ್ಬರ್ತೀನಿ," ಎಂದು ಮಗ್ಗದ ಮನೆಗೆ ಓಡುತ್ತಿದ್ದ. ಕರೆಂಟಿಲ್ಲದಾಗಲೂ ಓಡುತ್ತಿದ್ದ!

"ಮಗಳ ಪತ್ರಿಕೇಲಿ ಮತ್ತೆ ಸುಳ್ಳು ಹಾಕ್ಸೋಕೆ ನನ್ ಕೈಲಾಗಲ್ಲ ಕಣೋ," ಎಂದ ಮಾವ ಮೆಲ್ಲಗೆ. "ಹಾಕ್ಸದೇ ಇದ್ರೆ, ಅವತ್ತು ಇತ್ತು ಇವತ್ತು ಎಲ್ಲಿ ಹೋಯ್ತು ಅಂತ ನಿಮ್ಮತ್ತೆ ಕೇಳ್ತಾಳೆ. ಓದೋದೊಂದೇ ದಾರಿ."

ಹೀಗೆ ಪದವಿಯ ಹುಡುಕಾಟ ಶುರುವಾಯಿತು. ಆನ್‌ಲೈನ್‌ನಲ್ಲಿ, ಕೆಲಸ ಬಿಡದೆ, ಬೇಗ ಮುಗಿಯುವಂಥದು. ನನ್ನ ಫೋನಿನಲ್ಲಿ ಒಂದು ಕಡೆ ಅವನ ನಂಬರ್ ಕೊಟ್ಟದ್ದೇ ತಪ್ಪಾಯಿತು. ಮರುದಿನದಿಂದ ದೇಶದ ಮೂಲೆ ಮೂಲೆಯ ವಿದ್ಯಾಸಂಸ್ಥೆಗಳು ಮಾವನನ್ನು "ಸರ್" ಎಂದು ಕರೆಯತೊಡಗಿದವು. ಒಂದು ಹುಡುಗಿಯಂತೂ ಸಕ್ಕರೆಯಂಥ ದನಿಯಲ್ಲಿ, "ಸರ್, ನಿಮ್ಮ ಕನಸೇನು ಹೇಳಿ ಸರ್," ಎಂದಳು. ಮಾವ ಗೋಡೆಗೊರಗಿ, ಕಣ್ಣು ಮುಚ್ಚಿ, ಹಿಂದಿನ ರಾತ್ರಿ ಬಿದ್ದಿದ್ದ ಕನಸನ್ನೇ ಹೇಳತೊಡಗಿದ.

"ಘಟಿಕೋತ್ಸವ ಕಣಮ್ಮಾ. ದೊಡ್ಡ ಮೈದಾನ. ಎಲ್ರೂ ಕಪ್ಪು ಗೌನು ಹಾಕ್ಕೊಂಡು ಮೋಡದಂಗೆ ತೇಲ್ಕೊಂಡ್ ಬರ್ತಾವ್ರೆ. ಎಲ್ಲಾ ನನ್ ಮಗ್ಗದಲ್ಲೇ ನೇಯ್ದಿದ್ದು. ನಂಗೆ ಪದವಿ ಕೊಡೋರ ಗೌನಲ್ಲಿ ನೋಡ್ತೀನಿ, ಒಂದೆಳೆ ತಪ್ಪೋಗೈತೆ! ತಡೀರಿ ಸ್ವಾಮಿ ಅಂತ ಅಲ್ಲೇ ಮಂಡಿಯೂರಿ ಗಂಟು ಹಾಕ್ತಾ ಕೂತ್ಬಿಟ್ಟೆ. ಗಂಟು ಮುಗಿಯೋದ್ರೊಳಗೆ ಎಲ್ಲರ್ದೂ ಆಗೋಗಿ, ಕುರ್ಚಿ ಎತ್ತಿಡ್ತಾ ಇದ್ರು..."

ಆ ಹುಡುಗಿ ಸಕ್ಕರೆ ಬಿಟ್ಟು ಸ್ವಂತ ದನಿಯಲ್ಲಿ, "ಅಯ್ಯೋ ಪಾಪ ಸಾರ್," ಎಂದಳು.

ಆಯ್ಕೆಯಲ್ಲಿ ಮಾವನದು ನೂಲಿನ ವ್ಯಾಪಾರದ ನೀತಿ. ಫೋನ್ ಮಾಡಿದವರಿಗೆಲ್ಲ, "ಒಂದು ಸ್ಯಾಂಪಲ್ ಪಾಠ ಕಳಿಸ್ರಪ್ಪಾ, ನೋಡಣ," ಎನ್ನುತ್ತಿದ್ದ. ಬಂದ ಪಾಠವನ್ನು ಕೇಳುತ್ತಾ, ನೂಲು ಪರೀಕ್ಷಿಸುವವನಂತೆ ಹೆಬ್ಬೆರಳು ತೋರುಬೆರಳು ಉಜ್ಜಿಕೊಳ್ಳುತ್ತಿದ್ದ. ಒಬ್ಬ ಆರೇ ತಿಂಗಳಲ್ಲಿ, ಪರೀಕ್ಷೆಯೇ ಇಲ್ಲದೆ ಪದವಿ ಕೊಡುತ್ತೇನೆಂದ. ಅದಕ್ಕೆ ಮಾನ್ಯತೆ ಇರುವುದಿಲ್ಲ ಎಂದು ನಾನು ಬಾಯಿ ತೆರೆಯುವ ಮೊದಲೇ ಮಾವ ತಲೆಯಾಡಿಸಿದ: "ಬೇಡ. ಇದು ರೇಷ್ಮೆ ಅಂತ ಮಾರೋ ಪಾಲಿಯೆಸ್ಟರು." ಇನ್ನೊಂದು ಕಡೆ ಮಾನ್ಯತೆ ಇತ್ತು, ಮೂರು ವರ್ಷವೂ ಇತ್ತು. ಮೂರನೆಯದರಲ್ಲಿ 'ವೇಗದ ಪದವಿ' ಎಂಬ ವ್ಯವಸ್ಥೆ: ಹೆಚ್ಚು ಹೆಚ್ಚು ವಿಷಯ ತೆಗೆದುಕೊಂಡು ಓಡಿದರೆ ಒಂದಷ್ಟು ತಿಂಗಳು ಉಳಿಯುತ್ತದೆ. ಆದರೂ ಮಾಘಕ್ಕೆ ಮುಗಿಯುವುದಿಲ್ಲ ಎಂದೆ.

"ಪಾಠ ಎಲ್ಲಾ ಒಂದೇ ಸಲಕ್ಕೆ ತೆರೆದಿರುತ್ತಾ?"

"ಇರುತ್ತೆ. ಪರೀಕ್ಷೆ ಮಾತ್ರ ಅವರು ಹೇಳಿದಾಗ."

"ಪರೀಕ್ಷೆ ಯಾವಾಗಾದ್ರೂ ಮಾಡ್ಕೊಳ್ಲಿ. ಮೂರೊರ್ಷದ ಪಾಠ ಮಾಘದೊಳಗೆ ಕೇಳಿ ಮುಗಿಸಿದ್ರೆ ಮನಸ್ಸಿಗೆ ಬಿ.ಎ. ಆದಂಗಲ್ವಾ? ಅಷ್ಟಾದ್ರೆ ಪತ್ರಿಕೇಲಿ ಹಾಕ್ಸಕ್ಕೆ ಧೈರ್ಯ ಬರುತ್ತೆ."

ಇಂಥ ತರ್ಕದ ಮುಂದೆ ನನ್ನ ಬಿ.ಕಾಂ. ಯಾವ ಲೆಕ್ಕ? ಆ ವೇಗದ ಪದವಿಗೇ ಅವನ ಹೆಸರು ನೋಂದಾಯಿಸಿಕೊಟ್ಟೆ.

ವಿಡಿಯೋದ ವೇಗವನ್ನು ಎರಡು ಪಟ್ಟು ಮಾಡಬಹುದು ಎಂಬುದನ್ನು ಯಾರು ಹೇಳಿಕೊಟ್ಟರೋ ಕಾಣೆ. ಮಾವನಿಗೆ ಸ್ವರ್ಗವೇ ಸಿಕ್ಕಂತಾಯಿತು! ಇತಿಹಾಸ ಓಡತೊಡಗಿತು. ರಾಜವಂಶಗಳು ಒಂದರ ಬೆನ್ನ ಮೇಲೊಂದು ಬಿದ್ದು, ಎದ್ದು, ಅಳಿದುಹೋದವು. ಮಾತೂ ಓಡತೊಡಗಿತು. "ನಿಮ್ಮಾವ ಸಾರು ಬೇಕು ಅನ್ನೋದ್ರೊಳಗೆ ಮಜ್ಜಿಗೆಗೆ ಕೈ ಒಡ್ಡಿರ್ತಾರೆ ಕಣಪ್ಪಾ," ಎಂದು ಅತ್ತೆ ನಕ್ಕಳು. ಇಂಥ ವಯಸ್ಸಿನಲ್ಲಿ ಓದು ಯಾಕೆಂದು ಅವಳು ಒಮ್ಮೆಯೂ ಕೇಳಲಿಲ್ಲ.

ಮೇಷ್ಟ್ರ ಮೇಲೆ ಅವನಿಗೆ ಅಪಾರ ಗೌರವ. ಯಾವತ್ತೋ ಚಿತ್ರೀಕರಿಸಿಟ್ಟ ಪಾಠವಾದರೇನು? ಅವರು "ಅರ್ಥ ಆಯ್ತಾ?" ಎಂದು ಕೇಳಿದಾಗಲೆಲ್ಲ ಮಾವ ಸೊಂಟ ಬಗ್ಗಿಸಿ, ತಲೆ ತಗ್ಗಿಸಿ, "ಆಯ್ತು ಸಾರ್," ಎನ್ನುತ್ತಿದ್ದ. ಎರಡರ ವೇಗದಲ್ಲಿ ಆ ಪ್ರಶ್ನೆ ಬೇಗ ಬೇಗ ಬರುತ್ತಿದ್ದುದರಿಂದ, ದೂರದಿಂದ ನೋಡಿದವರಿಗೆ ಮಾವ ಮಗ್ಗಕ್ಕೆ ಪೂಜೆ ಮಾಡುತ್ತಿದ್ದಾನೇನೋ ಅನ್ನಿಸುತ್ತಿತ್ತು!

ತಪ್ಪು ನಡೆದದ್ದು ಅಲ್ಲೇ. ಪಾಠವನ್ನು ಅವನು ಮಗ್ಗದ ಮುಂದೆ ನಿಂತೇ ಕೇಳುತ್ತಿದ್ದ, ಎರಡು ಕಿವಿಗೂ ಇಯರ್‌ಫೋನ್ ತುರುಕಿಕೊಂಡು. ನೇಕಾರ ಮಗ್ಗವನ್ನು ಕಾಯುವುದು ಕಣ್ಣಿನಿಂದಲ್ಲ, ಕಿವಿಯಿಂದ. ನಾಲ್ಕು ಮಗ್ಗದ ಗದ್ದಲದಲ್ಲಿ ಮೂರನೆಯದರ ಸದ್ದು ಕೂದಲೆಳೆಯಷ್ಟು ಬದಲಾದರೂ ಮಾವನ ಕೈ ತಾನಾಗಿ ಮಗ್ಗ ನಿಲ್ಲಿಸುವ ಹ್ಯಾಂಡಲಿಗೆ ಹೋಗುತ್ತಿತ್ತು. ಅಂಥ ಕಿವಿಯನ್ನು ಅವನು ಮೂರು ವರ್ಷದ ಇತಿಹಾಸಕ್ಕೆ ಬಾಡಿಗೆಗೆ ಕೊಟ್ಟಿದ್ದ. ನೂಲು ಕಡಿದದ್ದು ಕೇಳದೆ, ಒಂದು ಸೀರೆಯ ಉದ್ದಕ್ಕೂ ಬಿಳಿ ಗೆರೆ ಎದ್ದಿತು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿ, ಮಡಿಸಿಟ್ಟಳು.

ಸಂಕ್ರಾಂತಿಗೆ ಮುಂಚಿನ ಒಂದು ಮಧ್ಯಾಹ್ನ. ನಾನು ಕಾಫಿ ಲೋಟ ಹಿಡಿದು ಮಗ್ಗದ ಮನೆಯ ಬಾಗಿಲಲ್ಲಿದ್ದೆ. ಮೊದಲ ಮಗ್ಗದ ಸದ್ದು ಯಾಕೋ ಕುಂಟಿತು. ನೇಕಾರನಲ್ಲದ ನನಗೇ ಕೇಳಿಸಿತು! "ಮಾವಾ!" ಎಂದು ಕೂಗಿದೆ. ಅವನಿಗೆ ಕೇಳಲಿಲ್ಲ. ಮಗ್ಗದ ಈ ತುದಿಯಿಂದ ಆ ತುದಿಗೆ ನೂಲು ಎಳೆದುಕೊಂಡು ಓಡುವ ಲಾಳಿ, ಎರಡು ಕಡೆಯೂ ಕಬ್ಬಿಣದ ಮೊನೆಯಿರುವ ಮರದ ತುಂಡು, ದಾರಿ ತಪ್ಪಿ ಗಾಳಿಗೆ ಹಾರಿತು. ಅದೇ ಕ್ಷಣದಲ್ಲಿ ಮಾವ ಸೊಂಟ ಬಗ್ಗಿಸಿ, ತಲೆ ತಗ್ಗಿಸಿದ.

ಮೇಷ್ಟ್ರು "ಅರ್ಥ ಆಯ್ತಾ?" ಎಂದು ಕೇಳಿದ್ದರು.

ಲಾಳಿ ಅವನ ತಲೆಗೂದಲನ್ನು ಸವರಿಕೊಂಡು ಹೋಗಿ ಗೋಡೆಗೆ ಬಡಿಯಿತು. ಠಕ್! ಗಾರೆ ಉದುರಿತು. ಬಿದ್ದ ಕುಳಿ ಸರಿಯಾಗಿ ಅವನ ಕಿವಿಯ ಎತ್ತರಕ್ಕಿತ್ತು. ಮಾವ ನಿಧಾನವಾಗಿ ನೆಟ್ಟಗಾಗಿ ಗೋಡೆ ನೋಡಿದ, ನನ್ನನ್ನು ನೋಡಿದ, ಹೋಗಿ ಒಂದೊಂದಾಗಿ ನಾಲ್ಕೂ ಮಗ್ಗ ನಿಲ್ಲಿಸಿದ. ಆ ಮೌನದಲ್ಲಿ, ಕಿವಿಯಿಂದ ಜಾರಿ ಎದೆಯ ಮೇಲೆ ಜೋತುಬಿದ್ದಿದ್ದ ಇಯರ್‌ಫೋನಿನೊಳಗೆ ಮೇಷ್ಟ್ರು ಸೊಳ್ಳೆಯ ದನಿಯಲ್ಲಿ ಇನ್ನೂ ಓಡುತ್ತಲೇ ಇದ್ದರು.

ಇದನ್ನು ನಗುನಗುತ್ತಲೇ ಬರೆಯುತ್ತಿದ್ದೇನೆ. ಆದರೆ ಮೇಷ್ಟ್ರು ಆ ಪ್ರಶ್ನೆಯನ್ನು ಒಂದು ವಾಕ್ಯ ತಡವಾಗಿ ಕೇಳಿದ್ದರೆ? ಮಾವ ಕೊಂಚ ಕಡಿಮೆ ವಿನಯವಂತನಾಗಿದ್ದರೆ? ಆಮೇಲೆ ಎಷ್ಟೋ ದಿನ, ಕಚೇರಿಯಲ್ಲಿ ಯಾರಾದರೂ ಡ್ರಾಯರ್ ಜೋರಾಗಿ ಮುಚ್ಚಿದರೆ ನನ್ನ ಕೈ ತಾನಾಗಿ ಕಿವಿಗೆ ಹೋಗುತ್ತಿತ್ತು.

ಅಂದಿನಿಂದ ಮಾವ ಮಗ್ಗದ ಮನೆಗೆ ಕಾಲಿಡಲಿಲ್ಲ. ರಾತ್ರಿ ಪಾಳಿಯವನಿಗೂ ಬರಬೇಡವೆಂದ. ಪಾಠವೂ ನಿಂತಿತು. ಬೀದಿಯ ಉಳಿದ ಮಗ್ಗಗಳು ಬಡಿದುಕೊಳ್ಳುತ್ತಿದ್ದರೂ ನಮ್ಮ ನಾಲ್ಕರ ದನಿ ಅದರಲ್ಲಿಲ್ಲವಲ್ಲ! ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ನಿದ್ದೆ ಬಂತೆಂದರೆ ಕನಸು: ಕಪ್ಪು ಗೌನಿನ ಮೋಡಗಳ ನಡುವೆ ಲಾಳಿಯೊಂದು ಹಕ್ಕಿಯ ಹಾಗೆ ಮೆತ್ತಗೆ, ಬಹಳ ಮೆತ್ತಗೆ ಹಾರಿ ಬರುತ್ತಿತ್ತು, ನಾನು ಕೂಗುತ್ತಿದ್ದೆ, ದನಿಯೇ ಹೊರಡುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಲಗ್ನಪತ್ರಿಕೆಯ ಕರಡು ಬಂತು. ಮಾವನ ಹೆಸರಿನ ಮುಂದೆ ಪ್ರೆಸ್ಸಿನವರು ಜಾಗ ಬಿಟ್ಟಿದ್ದರು. ಅತ್ತೆ ಪೆನ್ನು ಹಿಡಿದು ಕೂತಳು.

"ಬರೀ ಹೆಸರು ಹಾಕ್ಸು ಕಣೇ," ಎಂದ ಮಾವ, ನೆಲ ನೋಡುತ್ತಾ. "ಅವತ್ತು ಅಚ್ಚಾಗಿದ್ದು..."

"ಸುಳ್ಳು. ಗೊತ್ತು."

"ಯಾರು ಹೇಳಿದ್ರು?"

"ನೀವೇ! ಮದ್ವೆಯಾದ ಮಾರನೇ ದಿನ, ಬಿ.ಎ.ಲಿ ಯಾವ ಸಬ್ಜೆಕ್ಟು ತಗೊಂಡಿದ್ರಿ ಅಂತ ಕೇಳ್ದೆ. 'ಎಲ್ಲಾ ತಗೊಂಡಿದ್ದೆ' ಅಂದ್ರಿ."

ನಾನು ನಕ್ಕುಬಿಟ್ಟೆ. ಮಾವ ನಗಲಿಲ್ಲ. "ಮತ್ತೆ ಇಷ್ಟು ವರ್ಷ ಯಾಕೆ ಸುಮ್ನಿದ್ದೆ?"

"ನೀವು ಮಗ್ಗದ ಮನೆಗೆ ಓಡ್ತಿದ್ರಲ್ಲ, ಪಾಪ ಅನ್ನಿಸ್ತಿತ್ತು." ಅತ್ತೆ ಪೆನ್ನು ಕೆಳಗಿಟ್ಟಳು. "ರೀ, ನಂಗೆ ನಿಮ್ಮ ಎರಡಕ್ಷರ ಬೇಡ. ಎರಡು ಕಿವಿ ಬೇಕು."

ಹಾಗೆಂದವಳೇ ಎದ್ದು ಮಗ್ಗದ ಮನೆಗೆ ಹೋದಳು. ಮೊದಲ ಮಗ್ಗ ಶುರುವಾಯಿತು. ಎರಡನೆಯದು. ಮೂರನೆಯದು ಶುರುವಾದ ಕೂಡಲೇ ಮಾವ ಕೂತಲ್ಲಿಂದಲೇ ತಲೆ ಎತ್ತಿದ.

"ಲೇ, ಮೂರನೇದ್ರಲ್ಲಿ ಒಂದೆಳೆ ಹೋಗೈತೆ ನೋಡು!"

"ಬಂದು ನೀವೇ ನೋಡ್ರಿ!"

ಮಾವ ಓಡಿದ. ಬಂಧುಗಳಿಲ್ಲದಾಗ ಅವನು ಹಾಗೆ ಓಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಈಗ ಮನೆಯಲ್ಲಿ ಅತ್ತೆಯ ಕಾನೂನು. ಮಗ್ಗ ಓಡುವಾಗ ಪಾಠವಿಲ್ಲ. ಕರೆಂಟ್ ಹೋದಾಗ ಮಾತ್ರ ಓದು. ವೇಗದ ಪದವಿ ಬಿಡಿಸಿ, ಅದೇ ಸಂಸ್ಥೆಯಲ್ಲಿ ಮೂರು ವರ್ಷದ ಸಾವಧಾನದ ಪದವಿಗೆ ನಾನೇ ಬದಲಾಯಿಸಿಕೊಟ್ಟೆ. ಮಗ್ಗ ನಿಂತೊಡನೆ ಗಂಡ ಹೆಂಡತಿ ಜಗುಲಿಯಲ್ಲಿ ಕೂರುತ್ತಾರೆ, ಒಂದು ಇಯರ್‌ಫೋನ್ ಅವನ ಕಿವಿಗೆ, ಇನ್ನೊಂದು ಅವಳದಕ್ಕೆ. ಮೇಷ್ಟ್ರು ಮನುಷ್ಯರ ವೇಗದಲ್ಲಿ ಮಾತಾಡುತ್ತಾರೆ. ಕರೆಂಟ್ ಇದೇ ರೀತಿ ಹೋಗುತ್ತಿದ್ದರೆ ಮಾವ ಪದವೀಧರನಾಗುವುದರಲ್ಲಿ ಅನುಮಾನವಿಲ್ಲ!

ಪತ್ರಿಕೆಗಳು ಅಚ್ಚಾಗಿ ಬಂದದ್ದು ಒಂದು ಶುಕ್ರವಾರ. ಅರಿಶಿನ ಹಚ್ಚಿ ದೇವರ ಮುಂದಿಟ್ಟಿದ್ದರಲ್ಲಿ ಒಂದನ್ನು ತೆಗೆದು ನೋಡಿದೆ. ವಧುವಿನ ತಂದೆಯ ಹೆಸರಿನ ಮುಂದೆ ಅತ್ತೆ ಬರೆಸಿದ್ದಳು: 'ಬಿ.ಎ., ಮೊದಲನೇ ವರ್ಷ.'

ಅವತ್ತು ರಾತ್ರಿ ಪಾಳಿಯವನು ಮತ್ತೆ ಬಂದ. ಒಳಗೆ ನಾಲ್ಕೂ ಮಗ್ಗಗಳು ಲಟಕ್ ಪಟಕ್ ಎನ್ನುತ್ತಿದ್ದವು. ಪಡಸಾಲೆಯಲ್ಲಿ ಮಾವ ಮಗ್ಗುಲಾಗಿ ಮಲಗಿದ್ದ, ಒಂದು ಕಿವಿ ದಿಂಬಿನಲ್ಲಿ, ಇನ್ನೊಂದು ನಮಗೆಲ್ಲ ಕಾಣುವಂತೆ ಮೇಲೆ. ಅತ್ತೆ ದೀಪ ಆರಿಸುವ ಮುನ್ನ ಹೊದಿಕೆಯನ್ನು ಆ ಕಿವಿಯವರೆಗೂ ಎಳೆದಳು. ನಿದ್ದೆಯಲ್ಲೇ ಅವನ ತಲೆ ಒಂದಿಷ್ಟು ಬಾಗಿತು. "ಆಯ್ತು ಸಾರ್," ಎಂದ.

ಆಮೇಲಿನದು ನನಗೆ ಗೊತ್ತಿಲ್ಲ. ಎಚ್ಚರವಾದಾಗ ಬೆಳಕು ಹರಿದು ಬಹಳ ಹೊತ್ತಾಗಿತ್ತು.