ಶ್ರುತಿಗೆ ಬಂದ ಎದೆ

"ಈ ಸಲ ಗುಳಿಗೆ ಪೂರ್ತಿ ಮುಗಿಸ್ತೀನಿ ಕಣೇ! ಒಂದನ್ನೂ ಬಿಡಲ್ಲ!" ಎಂದು ಶ್ರುತಿರಾಯರು ಕಂಬಳಿಯೊಳಗಿಂದಲೇ ಘೋಷಿಸಿದರು. ಊರಿನ ಪಿಯಾನೋಗಳಿಗೆಲ್ಲ ಶ್ರುತಿ ಕೂಡಿಸುವವರಾದ್ದರಿಂದ ಅವರಿಗೆ ಆ ಹೆಸರು. ಈಗ ಎದೆ ತುಂಬ ಕಫ. ಕೆಮ್ಮಿದರೆ ಕಿಟಕಿಯ ಗಾಜೇ ನಡುಗುತ್ತಿತ್ತು. ಬರುವ ಶನಿವಾರ ಹೆಂಡತಿ ಸಂಗೀತ ಕಲಿಸುವ ಶಾಲೆಯಲ್ಲಿ ಮಕ್ಕಳ ಗಾಯನವಿತ್ತು. ಅಲ್ಲಿನ ಪಿಯಾನೋಗೆ ಎದುರು ಬೀದಿಯ ಪ್ರತಿಸ್ಪರ್ಧಿ ಶ್ರುತಿಗಾರ, ಆ ಬೋಳುತಲೆಯವನ ಕೈ ತಗುಲಿತೋ, ರಾಯರ ಮಾನ ಮೂರು ಕಾಸಿಗೆ ಹರಾಜು!

"ಕಫ ಕರಗಿಸೋದು, ಸೋಂಕು ತೆಗೆಯೋ ಆ್ಯಂಟಿಬಯೋಟಿಕ್ಕು, ಎರಡೂ ಇದರಲ್ಲೇ ಇದೆ. ಆರಾಮಾಯ್ತು ಅಂತ ಮಧ್ಯೆ ಬಿಟ್ಟೀರಿ, ಜೋಕೆ!" ಎಂದು ಡಾಕ್ಟರು ಬೆದರಿಸಿಯೇ ಕಳಿಸಿದ್ದರು.

ಗುಳಿಗೆ ನುಂಗಿ ಮಲಗಿದರೆ ಅದೇನು ಮಂಪರು! ಎದೆಯೊಳಗೆ ಪುಟ್ಟ ಪುಟ್ಟ ಕೆಲಸಗಾರರು ಇಳಿದು, ಗಂಟುಕಟ್ಟಿದ ಕಫವನ್ನು ನೀರುನೀರು ಮಾಡಿ ಬಕೆಟ್ಟಿನಲ್ಲಿ ಹೊರಗೆ ಸಾಗಿಸುತ್ತಿದ್ದರು. ಹಿಂದೆಯೇ ಇನ್ನೊಂದು ದಂಡು ಕೋಲು ಹಿಡಿದು ರೋಗಾಣುಗಳನ್ನು ಅಟ್ಟುತ್ತಿತ್ತು. ಮಂಚ ಮೆಲ್ಲಗೆ ಕಿಟಕಿ ದಾಟಿ ಮೋಡಗಳ ಮೇಲೆ ತೇಲಿತು. ಒಂದು ಬೆಳಿಗ್ಗೆ ರಾಯರು ಎದ್ದು, ಎದೆ ತಟ್ಟಿ, ಬಾಯಿ ಮುಚ್ಚಿ ಗುನುಗಿದರು. ಆಹಾ, ಶುದ್ಧ ಸ್ವರ!

"ಎದೆ ಶ್ರುತಿಗೆ ಬಂತು ಕಣೇ! ಇನ್ನು ಗುಳಿಗೆ ಬೇಡ."

"ಇನ್ನೂ ಅರ್ಧ ಪಟ್ಟಿ ಉಳಿದಿದೆಯಲ್ರೀ!"

"ಶ್ರುತಿಗೆ ಬಂದ ತಂತೀನ ಮತ್ತೂ ಬಿಗಿದ್ರೆ ಪಟ್ಟಂತ ಹರಿದುಹೋಗುತ್ತೆ. ಇದು ನನ್ನ ಕಸುಬು, ಸುಮ್ನಿರು!"

"ನಿಮ್ಮೆದೆ ಏನು ಪಿಯಾನೋನೇ?"

ಗುರುವಾರ ಕಫ ಮರಳಿ ಬಂತು. ಈ ಸಲ ಕಿವಿಯೂ ಕಟ್ಟಿಕೊಂಡಿತು. ಆದರೂ ಶುಕ್ರವಾರ ರಾಯರು ಹೆಂಡತಿಗೆ ಸುಳಿವೂ ಕೊಡದೆ ಹೋಗಿ ಶಾಲೆಯ ಪಿಯಾನೋ ಮುಂದೆ ಕೂತರು. ಲೋಕವನ್ನೆಲ್ಲ ಹತ್ತಿಯಲ್ಲಿ ಸುತ್ತಿಟ್ಟಂತಿತ್ತು. ಒಂದೊಂದು ಸ್ವರವೂ ಎಲ್ಲಿಂದಲೋ ತೇಲಿ ಬಂದು ಮೃದುವಾಗಿ ಮುಟ್ಟುತ್ತಿತ್ತು. ಜನ್ಮದಲ್ಲೇ ಇಂಥ ಶ್ರುತಿ ಕೂಡಿಸಿರಲಿಲ್ಲವೆಂದು ರಾಯರ ಕಣ್ಣು ತುಂಬಿ ಬಂತು.

ಸಂಜೆಯ ಅಭ್ಯಾಸಕ್ಕೆ ಹೆಂಡತಿ ನುಡಿಸತೊಡಗಿದ್ದೇ ತಡ, ಮುಂದಿನ ಸಾಲಿನ ಮಕ್ಕಳು ಕಿವಿ ಮುಚ್ಚಿಕೊಂಡರು. ಅಂಗಳದ ನಾಯಿ ಊಳಿಟ್ಟಿತು. ರಾಯರು ಮಾತ್ರ ಕಣ್ಣು ಮುಚ್ಚಿ ತಲೆದೂಗುತ್ತಲೇ ಇದ್ದರು.

ಯಾರೋ ಭುಜ ಅಲುಗಿಸಿದಾಗ ಮೋಡದಿಂದ ಕೆಳಗಿಳಿದರು. ಎದುರಿಗೆ ಹೆಂಡತಿ.

"ಡಾಕ್ಟರಿಗೆ ಫೋನ್ ಮಾಡಿದೀನಿ. ಈಗ್ಲೇ ಹೋಗಿ ತೋರಿಸ್ಕೊಂಡು ಬನ್ನಿ."

"ಮತ್ತೆ ನನ್ನ ಪಿಯಾನೋ?"

ಬಾಗಿಲಲ್ಲಿ ಸಲಕರಣೆಯ ಚೀಲ ಹಿಡಿದು ಬೋಳುತಲೆಯವನು ನಿಂತಿದ್ದ! ಹೆಂಡತಿ ರಾಯರ ಕಿವಿಗೇ ಬಾಯಿಟ್ಟು ಕೂಗಿದಳು:

"ಅದಕ್ಕೆ ಬೇರೆ ಡಾಕ್ಟರನ್ನ ಕರೆಸಿದೀನಿ ರೀ! ಅವರು ಯಾವುದನ್ನೂ ಅರ್ಧಕ್ಕೆ ಬಿಡೋರಲ್ಲ!"